ಟೋಪಿ ಹಾಕಿಕೊಂಡವನಿಗೆ ಗವಸು ಕೈಕೊಟ್ಟಿತು

ನಾನು ಓಡಲು ಶುರು ಮಾಡಿದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ನಾಯಿ ಸತತ ಮೂರು ದಿನ ನನ್ನನ್ನು ನೋಡಿ ಬೊಗಳಿತು. ಅದರ ತಪ್ಪೇನಿಲ್ಲ. ಕಣ್ಣೆರಡು ಬಿಟ್ಟು ಉಳಿದದ್ದನ್ನೆಲ್ಲ ನುಂಗಿದ ದಪ್ಪ ಉಣ್ಣೆಯ ಮಂಕಿ ಕ್ಯಾಪ್, ಕೈಗೆ ಹಿಮದಲ್ಲಿ ಗುದ್ದಲಿ ಹಿಡಿಯುವವರು ಹಾಕುವಂಥ ಗವಸು. ಇಂಥ ವೇಷದಲ್ಲಿ ಕತ್ತಲಲ್ಲಿ ಬಾಗಿಲು ತೆರೆದು ಹೊರಬೀಳುವವನನ್ನು ಕಂಡು ಬೊಗಳದಿದ್ದರೆ ಅದಕ್ಕೆ ಹಾಕಿದ ಅನ್ನ ದಂಡ.

ಎಂಟು ನಿಮಿಷ ಎಲ್ಲವೂ ಸುಖವಾಗಿತ್ತು. ಒಂಬತ್ತನೆಯ ನಿಮಿಷಕ್ಕೆ ಟೋಪಿಯೊಳಗೆ ಅಡುಗೆ ಶುರುವಾಯಿತು. ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಓಟಕ್ಕಲ್ಲ, ಬರಿಯ ಶಾಖಕ್ಕೇ ಹೋಗುತ್ತದೆ ಎಂಬ ಸಂಗತಿ ಆಗ ನನಗೆ ಗೊತ್ತಿರಲಿಲ್ಲ. ನೆತ್ತಿಗೆ ಮಾತ್ರ ಗೊತ್ತಾಯಿತು. ಟೋಪಿ ಕಿತ್ತೆ, ಗವಸು ಕಿತ್ತೆ. ಇಟ್ಟುಕೊಳ್ಳಲು ಜೇಬಿಲ್ಲ. ಟೋಪಿಯನ್ನು ತಲೆಕೆಳಗಾಗಿ ತಿರುಗಿಸಿ, ಗವಸುಗಳನ್ನು ಅದರೊಳಗಿಟ್ಟು, ಎದೆಯ ಮುಂದೆ ಹಿಡಿದುಕೊಂಡು ಓಡಿದೆ. ಎದುರಿನಿಂದ ವಾಕಿಂಗ್ ಬರುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿದರು, ಟೋಪಿ ನೋಡಿದರು, ಆಮೇಲೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಅಷ್ಟರಲ್ಲಿ ನಾನು ವೇಗ ಹೆಚ್ಚಿಸಿದೆ. ಆ ಇಡೀ ತಿಂಗಳಲ್ಲಿ ಅದೇ ನನ್ನ ಅತ್ಯಂತ ವೇಗದ ಕಿಲೋಮೀಟರು.

ಟೋಪಿ ಆರಿಸುವವನು ಬಾಗಿಲ ಬಳಿ ನಿಂತು ನಡುಗುತ್ತಿರುವ ಮನುಷ್ಯ. ಅದನ್ನು ಹೊರುವವನು ಹತ್ತು ನಿಮಿಷದ ಮೇಲೆ ಹಬೆಯಾಡುತ್ತಿರುವ ಮನುಷ್ಯ. ಇಬ್ಬರಿಗೂ ಪರಿಚಯವೇ ಇರುವುದಿಲ್ಲ. ಅದಕ್ಕೇ ಅನುಭವಿ ಓಟಗಾರರು, ಹೊರಗಿನ ಉಷ್ಣಾಂಶಕ್ಕೆ ಹತ್ತು ಡಿಗ್ರಿ ಸೇರಿಸಿಕೊಂಡು ಬಟ್ಟೆ ಹಾಕಿಕೋ ಎನ್ನುತ್ತಾರೆ. 5 ಡಿಗ್ರಿ ಇದ್ದರೆ 15 ಇದೆ ಎಂದುಕೊಳ್ಳಬೇಕು. ಬೆಳಗಿನ ಜಾವ ಹಲ್ಲು ಕಟಕಟ ಎನ್ನುತ್ತಿರುವಾಗ ಕೂಡುವ ಲೆಕ್ಕ ಮಾಡಲು ಎಂಥ ವೈರಾಗ್ಯ ಬೇಕು ಎಂಬುದನ್ನು ಅವರು ಹೇಳುವುದಿಲ್ಲ.

ಮಂಕಿ ಕ್ಯಾಪಿನ ಹಿಂದೆ ಒಬ್ಬ ಸಹೋದ್ಯೋಗಿಯ ಪ್ರೇರಣೆಯಿತ್ತು. "ದೇಹದ ಅರ್ಧ ಶಾಖ ತಲೆಯಿಂದಲೇ ಸೋರಿಹೋಗುತ್ತದೆ, ತಲೆ ಮುಚ್ಚಿದರೆ ಉಳಿದದ್ದಕ್ಕೆ ಚಿಂತೆಯಿಲ್ಲ" ಎಂದಿದ್ದರು. ನಂಬಿದೆ. ಆಮೇಲೆ ಓದಿ ನೋಡಿದರೆ, ಅಮೆರಿಕದ ಸೇನೆಯ 1970ರ ಕೈಪಿಡಿಯೊಂದು ಶೇಕಡ 40ರಿಂದ 45 ಎಂದು ಬರೆದು ಈ ಮಾತಿಗೆ ಬಲ ತುಂಬಿತ್ತು. ಹಳೆಯ ಪ್ರಯೋಗಗಳಲ್ಲಿ ಮೈಗೆಲ್ಲ ಬೆಚ್ಚನೆಯ ಉಡುಪು ತೊಡಿಸಿ ತಲೆಯನ್ನಷ್ಟೇ ಬರಿದಾಗಿ ಬಿಟ್ಟಿದ್ದರಂತೆ. ಮನೆಯ ಬಾಗಿಲುಗಳನ್ನೆಲ್ಲ ಮುಚ್ಚಿ ಒಂದೇ ಕಿಟಕಿ ತೆರೆದಿಟ್ಟರೆ ಬೆಕ್ಕು ಇನ್ನೆಲ್ಲಿಂದ ಹೋಗಬೇಕು? ವಯಸ್ಕರ ತಲೆಯ ಪಾಲು ಹತ್ತರಲ್ಲೊಂದರಷ್ಟು ಮಾತ್ರ, ದೇಹದ ಮೇಲ್ಮೈಯಲ್ಲಿ ಅದಕ್ಕಿರುವ ಪಾಲಿನಷ್ಟೇ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಕೂಡ ಇದನ್ನು ವೈದ್ಯಕೀಯ ಮಿಥ್ಯೆಗಳ ಸಾಲಿಗೆ ಸೇರಿಸಿತು. ತಲೆಗೆ ಟೋಪಿ ಹಾಕಿಕೊಳ್ಳುವ ಮೊದಲೇ ನಾನು ಟೋಪಿ ಹಾಕಿಸಿಕೊಂಡಿದ್ದೆ.

ಈಗ ನನ್ನದು ಬರಿಯ ಕಿವಿಪಟ್ಟಿ. ನೆತ್ತಿ ತೆರೆದಿರುತ್ತದೆ, ಕಿವಿ ಮುಚ್ಚಿರುತ್ತದೆ. ತೀರಾ ಚಳಿಯಿದ್ದರೆ ಮಾತ್ರ ತೆಳು ಟೋಪಿ. ಕಿವಿಪಟ್ಟಿಯಲ್ಲಿ ನಾನು ಹಲ್ಲುನೋವಿನವನ ಹಾಗೆ ಕಾಣುತ್ತೇನೆ ಎಂದು ಹೆಂಡತಿ ಹೇಳಿದ್ದಾಳೆ. ನಾಯಿ ಮಾತ್ರ ಗುರುತು ಹಿಡಿಯುತ್ತದೆ.

ಗವಸಿನ ಕಥೆ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಮೊದಲು ಹತ್ತಿಯದು ತಂದೆ. ಹತ್ತಿ ಬೆವರನ್ನು ಕುಡಿಯುತ್ತದೆ, ಕುಡಿದದ್ದನ್ನು ಬಿಟ್ಟುಕೊಡುವುದಿಲ್ಲ. ಗಾಳಿಗಿಂತ ನೀರು ಶಾಖವನ್ನು ಇಪ್ಪತ್ತೈದು ಪಟ್ಟು ಬೇಗ ಎಳೆದೊಯ್ಯುತ್ತದೆ. ಮನೆಗೆ ಬರುವಷ್ಟರಲ್ಲಿ ಬೆರಳುಗಳು ನನ್ನವೇ ಎಂದು ಖಾತ್ರಿಪಡಿಸಿಕೊಳ್ಳಲು ಕಚ್ಚಿ ನೋಡಬೇಕಾಯಿತು. ಆಮೇಲೆ ಬೆರಳುಗಳಿಗೆಲ್ಲ ಒಂದೇ ಕೋಣೆ, ಹೆಬ್ಬೆರಳಿಗೊಂದು ಬೇರೆ ಕೋಣೆ ಇರುವ ಚೀಲಗವಸು ಬಂತು. ನಾಲ್ಕು ಬೆರಳು ಒಟ್ಟಿಗಿದ್ದು ಶಾಖ ಹಂಚಿಕೊಳ್ಳುವುದರಿಂದ ಇದು ಬಲು ಬೆಚ್ಚಗೆ. ಆದರೆ ಅವಿಭಕ್ತ ಕುಟುಂಬದಂತೆ ಇದರಲ್ಲೂ ಯಾರಿಗೂ ಸ್ವಂತವಾಗಿ ಒಂದು ಕೆಲಸ ಮಾಡಲು ಬರುವುದಿಲ್ಲ. ಬಿಚ್ಚಿದ ಶೂ ಲೇಸನ್ನು ಕಟ್ಟಲು ಆರು ನಿಮಿಷ ಹೆಣಗಿ, ಕೊನೆಗೆ ಅದನ್ನು ಕಾಲುಚೀಲದೊಳಗೆ ತುರುಕಿ ಓಡಿದೆ. ಮೂರನೆಯದು ಉಣ್ಣೆಯದು, ಒದ್ದೆಯಾದರೂ ಬೆಚ್ಚಗೇ ಇರುತ್ತಿದ್ದ ಆ ದೇವತೆಯನ್ನು ನಾನೇ ಬಿಸಿನೀರಿನಲ್ಲಿ ಹಾಕಿ ತಿಕ್ಕಿದೆ. ಉಣ್ಣೆಯ ಎಳೆಗಳ ಮೈಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ಮತ್ತೆ ಬಿಡಿಸಿಕೊಳ್ಳುವುದಿಲ್ಲವಂತೆ. ಈಗ ಅದು ಮಗಳ ಗೊಂಬೆಯ ಕೈಯಲ್ಲಿದೆ.

ನಾಲ್ಕನೆಯದು ತೆಳುವಾದ ಪಾಲಿಯೆಸ್ಟರ್ ಗವಸು. ಹೆಬ್ಬೆರಳಿನ ಬೆನ್ನಿಗೆ ಒಂದು ತುಂಡು ಮೆತ್ತನೆಯ ಟವೆಲ್ ಬಟ್ಟೆ ಹೊಲಿದಿತ್ತು. ಅದು ಅಲಂಕಾರವೆಂದುಕೊಂಡಿದ್ದೆ. ಚಳಿಯಲ್ಲಿ ಓಡುವವನ ಮೂಗು ಎಷ್ಟು ಉದಾರಿ ಎಂದು ಬಲ್ಲ ಯಾರೋ ಪುಣ್ಯಾತ್ಮರು ಮೂಗೊರೆಸಲೆಂದೇ ಅದನ್ನು ಅಲ್ಲಿಟ್ಟಿದ್ದರು. ಮೊಬೈಲಿನ ಬಗ್ಗೆ ಮಾತ್ರ ಅವರು ಯೋಚಿಸಿರಲಿಲ್ಲ. ಆ ಪರದೆ ಸ್ಪಂದಿಸುವುದು ವಿದ್ಯುತ್ತು ಹರಿಯಬಲ್ಲ ಚರ್ಮಕ್ಕೆ, ಬಟ್ಟೆಗಲ್ಲ. ಗವಸು ತೆಗೆಯಲು ಸೋಮಾರಿತನವಾಗಿ, ಓಟದ ಗಡಿಯಾರವನ್ನು ಮೂಗಿನಿಂದ ನಿಲ್ಲಿಸಲು ಹೋದೆ. ಮೂಗೂ ಚರ್ಮವೇ ತಾನೇ, ಕೆಲಸ ಮಾಡಿತು. ಅಗತ್ಯಕ್ಕಿಂತ ಹೆಚ್ಚೇ ಮಾಡಿತು. ಐದೂವರೆ ಗಂಟೆಗೆ ಕರೆ ಹೋದದ್ದು ಮೇಲಧಿಕಾರಿಗೆ.

"ಹಲೋ? ಯಾರದು? ಏಕೆ ಹೀಗೆ ಏದುಸಿರು ಬಿಡುತ್ತಿದ್ದೀರಿ?"

ಬಾಯಿಂದ ಮಾತು ಹೊರಡಲಿಲ್ಲ, ಉಸಿರಷ್ಟೇ ಹೊರಟಿತು. ನಂಬರು ನೋಡಿಕೊಂಡರೆಂದು ಕಾಣುತ್ತದೆ, ದನಿ ಮೆತ್ತಗಾಯಿತು. "ಇವತ್ತು ಕಚೇರಿಗೆ ಬರಬೇಡಿ. ಮೊದಲು ಎದೆ ತೋರಿಸಿಕೊಳ್ಳಿ" ಎಂದರು. ನಾನು ಅಷ್ಟೊಂದು ಪ್ರಾಮಾಣಿಕನಲ್ಲ, ಹೋಗಲಿಲ್ಲ.

ಆ ದಿನದಿಂದ ಮೊಬೈಲಿಗೆ, ಬೀಗದ ಕೈಗೆ, ಲೇಸಿಗೆ ಎಂದು ಬಲಗವಸನ್ನು ತೆಗೆಯತೊಡಗಿದೆ. ತೆಗೆದದ್ದು ಕಳೆಯುತ್ತದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನನ್ನ ಬಳಿ ಐದು ಗವಸುಗಳಿದ್ದವು, ಐದೂ ಎಡಗೈಯವು. ಎಡಗವಸಿನ ಒಳಮೈಯನ್ನು ಹೊರಕ್ಕೆ ತಿರುಗಿಸಿದರೆ ಬಲಗೈಗೆ ಸರಿಯಾಗಿ ಕೂರುತ್ತದೆ ಎಂದು ಒಂದು ಬೆಳಿಗ್ಗೆ ಹೊಳೆದಾಗ, ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಳು. ನಾನು ಗೆದ್ದವನಂತೆ ಓಡಿದೆ. ಮೂರನೆಯ ಕಿಲೋಮೀಟರಿನಲ್ಲಿ ಮೂಗು ಸುರಿಯಿತು. ಅಭ್ಯಾಸಬಲದಿಂದ ಬಲಗೈ ಮೇಲೆದ್ದಿತು. ಟವೆಲ್ ಬಟ್ಟೆ ಒಳಗೆ ಹೋಗಿ ಬೆಚ್ಚಗೆ ಕುಳಿತಿದೆ, ಹೊರಗಿರುವುದು ಬರಿಯ ಒರಟು ಹೊಲಿಗೆ ಎಂಬುದು ನೆನಪಾಗುವ ಹೊತ್ತಿಗೆ ಮೂಗಿನ ತುದಿ ತರಚಿ ಹೋಗಿತ್ತು.