ಇವಿ ಕಾರಿನ ವಿಡಿಯೋ ಪಾರ್ಕಿಂಗ್‌ನಿಂದ ಶುರುವಾಗಬೇಕು

ಪುಣೆಯಲ್ಲಿ ಕಾರಿನ ಮಾತಿಗೆ ಬರವಿಲ್ಲ. ಪಿಂಪ್ರಿಯಲ್ಲಿ ಟಾಟಾ, ಚಾಕಣ್‌ನಲ್ಲಿ ಮಹೀಂದ್ರಾ, ಕೋಥ್ರೂಡ್ ಗುಡ್ಡದ ಮೇಲೆ ಎಆರ್‌ಎಐ. ಒಂದು ಚಾರ್ಜ್‌ಗೆ ಇಷ್ಟು ಕಿ.ಮೀ. ಅಂತ ಬ್ರೋಷರ್‌ನಲ್ಲಿ ದೊಡ್ಡದಾಗಿ ಬರೆದಿರುತ್ತದಲ್ಲ, ಆ ಸಂಖ್ಯೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸಂಸ್ಥೆಗಳಲ್ಲಿ ಎಆರ್‌ಎಐ ಕೂಡ ಒಂದು. ಆಫೀಸಿನ ಕ್ಯಾಂಟೀನ್‌ನಲ್ಲಿ ಮರಾಠಿ ಗೆಳೆಯರು ಇವಿ, ಅಂದರೆ ಎಲೆಕ್ಟ್ರಿಕ್ ಕಾರಿನ ವಿಷಯ ತೆಗೆದರೆ ಮೊದಲು ಕೇಳುವುದು ಒಂದೇ, ನಿಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಚಾರ್ಜಿಂಗ್ ಪಾಯಿಂಟ್‌ಗೆ ಅನುಮತಿ ಸಿಕ್ಕಿತಾ ಅಂತ. ಕಾರು ಯಾವುದು ಅನ್ನುವುದು ಆಮೇಲೆ.

ಊರಲ್ಲಿ ಇದು ಉಲ್ಟಾ. ಧಾರವಾಡದಿಂದ ಭಾವ ಫೋನ್ ಮಾಡಿದರೆ, 'ನೀ ಪುಣೇದಾಗ ಇದ್ದಿ, ಕಾರ್ ಕಂಪ್ನಿ ಎಲ್ಲಾ ಅಲ್ಲೇ ಅದಾವ, ಯಾವ್ದು ತಗೋಬೇಕು ಹೇಳು' ಅನ್ನುತ್ತಾರೆ. ಅವರು ನೋಡುವ ಕನ್ನಡ ವಿಡಿಯೋಗಳೂ ಹಾಗೇ ಇವೆ. ಕಂಪನಿಯವರು ಕರೆದ ರೆಸಾರ್ಟ್, ಅರ್ಧ ದಿನದ ಡ್ರೈವ್, ಸನ್‌ರೂಫ್, ಸ್ಕ್ರೀನ್ ಎಷ್ಟು ಇಂಚು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಇದೇ, ಚಾರ್ಜಿಂಗ್ ಬಗ್ಗೆ ಕೊನೆಗೆ ಒಂದು ಮಾತು. ಮಾಡುವವರಿಗೆ ಕಾರಿನ ಜ್ಞಾನ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ ಸೊಗಸಾಗಿ ಮಾತಾಡುತ್ತಾರೆ, ಸಸ್ಪೆನ್ಷನ್ ಬಗ್ಗೆ ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಆದರೆ ಪೆಟ್ರೋಲ್ ಕಾರಿನ ರಿವ್ಯೂ ಮಾಡುತ್ತಿದ್ದ ರೀತಿಯಲ್ಲೇ ಇವಿ ರಿವ್ಯೂ ಮಾಡಿದರೆ ಕೊಳ್ಳುವವರಿಗೆ ಏನೂ ಸಿಗುವುದಿಲ್ಲ ಅನ್ನುವುದು ನನ್ನ ವಾದ. ಪೆಟ್ರೋಲ್ ಬಂಕ್ ಎಲ್ಲರಿಗೂ ಒಂದೇ. ಇವಿ ಹಾಗಲ್ಲ. ಒಂದೇ ಕಾರು ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ದಿನಾ ತಲೆನೋವು, ಅದು ಮನೆಯ ಪ್ಲಗ್ಗಿನ ಮೇಲೆ ನಿಂತಿದೆ.

ಲೆಕ್ಕ ನೋಡಿ. 45 ಕಿಲೋವ್ಯಾಟ್-ಅವರ್, ಅಂದರೆ 45 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿಯನ್ನು ಮನೆಯ 15 ಆಂಪ್ ಸಾಕೆಟ್‌ನಲ್ಲಿ ಪೂರ್ತಿ ತುಂಬಿಸಲು 15 ಗಂಟೆಗೂ ಜಾಸ್ತಿ ಬೇಕು. 7.2 ಕಿಲೋವ್ಯಾಟ್‌ನ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಹಾಕಿಸಿದರೆ ರಾತ್ರಿ ಊಟ ಮಾಡಿ ಸಿಕ್ಕಿಸಿದ್ದು ಬೆಳಿಗ್ಗೆಗೆ ರೆಡಿ. ಧಾರವಾಡದ ಸ್ವಂತ ಮನೆಯಲ್ಲಿ ಇದು ಎಲೆಕ್ಟ್ರಿಶಿಯನ್ ಕರೆಸಿ, ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟರೆ ಮುಗಿಯುವ ಕೆಲಸ. ಪುಣೆಯ ಫ್ಲಾಟಿನಲ್ಲಿ ಮೀಟರ್ ರೂಮು ಒಂದು ಕಡೆ, ನಮ್ಮ ಪಾರ್ಕಿಂಗ್ ಬೇಸ್‌ಮೆಂಟಿನ ಇನ್ನೊಂದು ತುದಿ. ನಡುವೆ ಕೇಬಲ್ ಎಳೆಯಬೇಕು, ಅದು ಇನ್ನೊಬ್ಬರ ಪಾರ್ಕಿಂಗ್ ಮೇಲೆ ಹಾದು ಹೋಗುತ್ತದೆ, ಕಮಿಟಿಯವರು ಬೆಂಕಿ ಹತ್ತಿದರೆ ಯಾರು ಹೊಣೆ ಅಂತ ಕೇಳುತ್ತಾರೆ, ಆ ಪ್ರಶ್ನೆ ತಪ್ಪೂ ಅಲ್ಲ. ನನ್ನ ಸೊಸೈಟಿಯಲ್ಲಿ ಕಾರಿಗಿಂತ ಕೇಬಲ್ ಬಗ್ಗೆಯೇ ಹೆಚ್ಚು ಮೀಟಿಂಗ್ ಆಗಿವೆ. ಇದನ್ನು ಮೀಟರ್ ರೂಮಿನಲ್ಲಿ ನಿಂತು, ಯಾವ ಗಾತ್ರದ ತಂತಿ, ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಎಲ್ಲಿ, ಅರ್ಥಿಂಗ್ ಸರಿ ಇದೆಯಾ ಅಂತ ತೋರಿಸುವ ವಿಡಿಯೋ ಹಿಂದಿ, ಮರಾಠಿಯಲ್ಲಿ ಸಿಗುತ್ತದೆ. ಹೆಚ್ಚಾಗಿ ಕಾರಿನ ಮಾಲೀಕರೇ ಮಾಡಿದ್ದು. ಕ್ಯಾಮೆರಾ ಅಲುಗಾಡುತ್ತದೆ, ಆದರೂ ಅದೇ ಉಪಯೋಗಕ್ಕೆ ಬಂದದ್ದು.

ಕರ್ನಾಟಕಕ್ಕೇ ಸೇರಿದ ಒಂದು ಪ್ರಶ್ನೆಯನ್ನು ನಾನು ನೋಡಿದ ಯಾವ ರಿವ್ಯೂನಲ್ಲೂ ಯಾರೂ ಎತ್ತಲಿಲ್ಲ. ಗೃಹಜ್ಯೋತಿ. ಮನೆಯ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅಲ್ವಾ? ಕಾರು ಒಂದು ಯೂನಿಟ್‌ಗೆ 7 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ 140 ಯೂನಿಟ್ ಮೇಲೆ ಆಯಿತು. ಮನೆಗೆ 80 ಯೂನಿಟ್ ಸಾಕಾಗುತ್ತಿದ್ದ ಕುಟುಂಬ ಸೀದಾ 200ರ ಆಚೆ ಹೋಗುತ್ತದೆ. ಹಾಗಾದರೆ ಕಾರಿಗೆ ಬೇರೆ ಮೀಟರ್ ತೆಗೆದುಕೊಳ್ಳಬೇಕಾ, ಖರ್ಚೆಷ್ಟು, ಎಷ್ಟು ದಿನ ಓಡಾಡಬೇಕು? ಮಹಾರಾಷ್ಟ್ರದಲ್ಲಿ ಯೂನಿಟ್ ಹೆಚ್ಚಾದಂತೆ ದರವೇ ಏರುತ್ತದೆ, ಇಲ್ಲಿನವರ ಲೆಕ್ಕ ಬೇರೆ. ಇದನ್ನು ಮುಂಬೈನ ಇಂಗ್ಲಿಷ್ ಚಾನೆಲ್ ಹೇಳಿಕೊಡುವುದಿಲ್ಲ. ಕನ್ನಡದವರೇ ಹೇಳಬೇಕು.

ಇನ್ನು ರೇಂಜ್, ಅಂದರೆ ಒಂದು ಚಾರ್ಜ್‌ಗೆ ಎಷ್ಟು ದೂರ ಅನ್ನುವುದು. ಟಾಟಾದ ನೆಕ್ಸಾನ್ ಇವಿಯ 45 ಕಿಲೋವ್ಯಾಟ್-ಅವರ್ ಮಾದರಿಗೆ ಪರೀಕ್ಷೆಯಲ್ಲಿ ಸಿಕ್ಕ ಸಂಖ್ಯೆ 489 ಕಿ.ಮೀ., ನಿಜವಾದ ಓಡಾಟದಲ್ಲಿ 350 ಕಿ.ಮೀ. ಆಸುಪಾಸು ಅಂತ ಕಂಪನಿಯೇ ಹೇಳುತ್ತದೆ. ಆ ಎರಡನೇ ಸಂಖ್ಯೆಯನ್ನು ಹೇಳಿದ್ದು ಒಳ್ಳೆಯ ಕೆಲಸ. ಆದರೂ ಪುಣೆಯಿಂದ ಹುಬ್ಬಳ್ಳಿಗೆ 400 ಕಿ.ಮೀ.ಗೂ ಮೇಲಿದೆ. ದಾರಿಯಲ್ಲಿ ಘಾಟ್ ಹತ್ತಬೇಕು, ಮೇ ತಿಂಗಳಲ್ಲಿ ಎಸಿ ಆಫ್ ಮಾಡುವ ಮಾತೇ ಇಲ್ಲ, ಮನೆಮಂದಿಯೆಲ್ಲ ಕೂತಿರುತ್ತಾರೆ. ಎಲ್ಲಿ ನಿಲ್ಲಿಸಬೇಕು? ಸಾತಾರಾದಲ್ಲಾ, ಕೊಲ್ಹಾಪುರದಲ್ಲಾ?

ನಾರ್ವೆಯ ಬ್ಯೋರ್ನ್ ನ್ಯೂಲಾಂಡ್ ಅವರ ಇವಿ ರಿವ್ಯೂ ಯೂಟ್ಯೂಬ್ ಚಾನೆಲ್ ಯಾಕೆ ಇಷ್ಟ ಅಂದರೆ ಇದಕ್ಕೇ. ಆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು 89 ಶೇಕಡಾ ಎಲೆಕ್ಟ್ರಿಕ್, ಹಾಗಾಗಿ ನೋಡುವವರು ಕೇಳುವುದೂ ಕೆಲಸಕ್ಕೆ ಬರುವ ಪ್ರಶ್ನೆಯನ್ನೇ. ನ್ಯೂಲಾಂಡ್ ಕಾರುಗಳನ್ನು ಗಂಟೆಗೆ 90 ಮತ್ತು 120 ಕಿ.ಮೀ. ವೇಗದಲ್ಲಿ ಓಡಿಸಿ ಅಳೆಯುತ್ತಾರೆ. 1000 ಕಿ.ಮೀ. ಓಡಿಸಿ, ಚಾರ್ಜಿಂಗ್‌ಗೆ ನಿಂತ ಹೊತ್ತನ್ನೂ ಸೇರಿಸಿ ಒಟ್ಟು ಸಮಯ ಬರೆದಿಡುತ್ತಾರೆ. ಡಿಕ್ಕಿಯಲ್ಲಿ ಎಷ್ಟು ಲೀಟರ್ ಜಾಗ ಅಂತ ಹೇಳಿ ಬಿಡುವುದಿಲ್ಲ, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಟ್ಟು ಎಷ್ಟು ಹಿಡಿಯುತ್ತದೆ ಅಂತ ಎಣಿಸುತ್ತಾರೆ. ಪ್ರತಿ ಸಲವೂ ಅದೇ ಪೆಟ್ಟಿಗೆ, ಅದೇ ರೀತಿ. ಹಾಗಾಗಿ ಒಂದು ಕಾರನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಬೋರಿಂಗ್ ಅನ್ನಿಸಬಹುದು, ಹದಿನೈದು ಲಕ್ಷ ಕೊಡುವವರಿಗೆ ಇದು ಬೋರಿಂಗ್ ಅಲ್ಲ. ನಮ್ಮಲ್ಲಿ ಪೆಟ್ಟಿಗೆ ಬದಲು 25 ಕೆಜಿಯ ಜೋಳದ ಚೀಲ, ಎರಡು ಸೂಟ್‌ಕೇಸ್ ಇಡಲಿ. ಊರಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ಇರುವುದೇ ಅದು.

ಹೈವೇ ಚಾರ್ಜರ್‌ಗಳನ್ನೂ ಹೀಗೇ ತೋರಿಸಬೇಕು. ಸಾತಾರಾ ದಾಟಿದ ಮೇಲೆ ಒಂದು ಹೋಟೆಲಿನ ಹಿಂದೆ 60 ಕಿಲೋವ್ಯಾಟ್ ಅಂತ ಬರೆದ ಚಾರ್ಜರ್ ಇತ್ತು. ಗನ್, ಅಂದರೆ ಕಾರಿಗೆ ಸಿಕ್ಕಿಸುವ ಚಾರ್ಜರಿನ ಪ್ಲಗ್, ಹಾಕಿದಾಗ ಚೆನ್ನಾಗಿಯೇ ಏರುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಕಾರು ಬಂದು ಎರಡನೇ ಗನ್ ಸಿಕ್ಕಿಸಿದ ತಕ್ಷಣ ನಮ್ಮ ಸ್ಕ್ರೀನಿನಲ್ಲಿ ವೇಗ ಅರ್ಧಕ್ಕೆ ಇಳಿಯಿತು, ಬಾಕಿ ನಿಮಿಷ ಏರಿತು. ಇಂಥ ಚಾರ್ಜರ್‌ಗಳು ಇರುವ ಪವರನ್ನು ಎರಡು ಗನ್‌ಗೆ ಹಂಚುತ್ತವೆ. ಚಹಾ ಕುಡಿದು ಹೊರಡುವ ಲೆಕ್ಕ ಊಟದ ಲೆಕ್ಕವಾಯಿತು. 80 ಶೇಕಡಾ ಆದ ಮೇಲೆ ಬ್ಯಾಟರಿ ನಿಧಾನವಾಗಿ ತುಂಬುವುದು ಬೇರೆ, ಅಲ್ಲಿಗೇ ಗನ್ ತೆಗೆದು ಹೊರಡುವುದು ಜಾಣತನ ಅಂತ ಮೊದಲ ಸಲ ಕೊಳ್ಳುವವರಿಗೆ ಯಾರಾದರೂ ಹೇಳಬೇಕು. ದುಡ್ಡಿನ ವಿಷಯವೂ ಅಷ್ಟೇ. ಹೊರಗೆ ಯೂನಿಟ್‌ಗೆ 20 ರೂಪಾಯಿ ಕೊಟ್ಟು, ಹೈವೇಯಲ್ಲಿ ಯೂನಿಟ್‌ಗೆ 6 ಕಿ.ಮೀ. ಸಿಕ್ಕರೆ ಕಿ.ಮೀ.ಗೆ 3 ರೂಪಾಯಿ ದಾಟುತ್ತದೆ. ಒಂದು ರೂಪಾಯಿಗೆ ಒಂದು ಕಿ.ಮೀ. ಅನ್ನುವ ಮಾತು ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಮಾತ್ರ.

ಸಣ್ಣವು ಅನ್ನಿಸುವ ವಿಷಯಗಳೂ ಇವೆ. ಕೆಲವು ಇವಿಗಳಲ್ಲಿ ಸ್ಟೆಪ್ನಿಯೇ ಇಲ್ಲ, ಪಂಕ್ಚರ್ ಕಿಟ್ ಅಷ್ಟೇ. ಬ್ಯಾಟರಿ ಕೆಳಗಿರುವುದರಿಂದ ಹಿಂದಿನ ಸೀಟಿನಲ್ಲಿ ನೆಲ ಎತ್ತರ, ಮೊಣಕಾಲು ಮೇಲೆ ಬರುತ್ತದೆ. ಅಪ್ಪ ಅಮ್ಮನನ್ನು ಮೂರು ಗಂಟೆ ಹಿಂದೆ ಕೂರಿಸಿ, ಇಳಿದಾಗ ಏನಂದರು ಅಂತ ತೋರಿಸಿ. ಬ್ಯಾಟರಿಗೆ ಜೀವನಪೂರ್ತಿ ವಾರಂಟಿ ಅಂದಾಗ ಅದು ಮೊದಲ ಮಾಲೀಕರಿಗೆ ಮಾತ್ರವಾ, ಮಾರಿದ ಮೇಲೆ ಎರಡನೆಯವರಿಗೆ ಎಷ್ಟು ವರ್ಷ ಉಳಿಯುತ್ತದೆ ಅಂತ ಷರತ್ತು ಓದಿ ಹೇಳಿ. ಸೆಕೆಂಡ್ ಹ್ಯಾಂಡ್ ಬೆಲೆ ನಿಂತಿರುವುದೇ ಅದರ ಮೇಲೆ.

ಪುಣೆ-ಹುಬ್ಬಳ್ಳಿ ರಸ್ತೆಯಲ್ಲಿ ಪ್ರತಿ ಹೊಸ ಇವಿಯನ್ನೂ ಒಂದೇ ರೀತಿ ಓಡಿಸಿ ಅಳೆಯುವ ಕನ್ನಡ ಚಾನೆಲ್ ಒಂದು ಬೇಕು. ಯಾರಾದರೂ ಶುರು ಮಾಡುವುದಾದರೆ ಪುಣೆಯ ವಾರ್ಜೆಯಲ್ಲಿ ನನ್ನನ್ನು ಹತ್ತಿಸಿಕೊಳ್ಳಿ, ಪಕ್ಕದಲ್ಲಿ ಕೂತು ಪ್ರತಿ ಟೋಲ್‌ನಲ್ಲೂ ಬ್ಯಾಟರಿ ಶೇಕಡಾ, ಕಿ.ಮೀ., ಹೊರಗಿನ ಬಿಸಿಲು ಎಲ್ಲ ಬರೆದುಕೊಡಲು ನಾನು ತಯಾರಿದ್ದೇನೆ.