ಸ್ಪಷ್ಟನೆ: ಉತ್ತರ ಮರಿಯಾನಾಕ್ಕೆ ರಾಜ್ಯದಷ್ಟೇ ಪಾಲು ಸಿಗುವುದಿಲ್ಲ

ಪೆಸಿಫಿಕ್‌ನಲ್ಲಿ ಅಮೆರಿಕದ ಅಧೀನದಲ್ಲಿರುವ ಉತ್ತರ ಮರಿಯಾನಾ ದ್ವೀಪಗಳಿಗೆ ಅಪರಾಧ ನ್ಯಾಯ ಕಾರ್ಯಕ್ರಮಗಳಿಗಾಗಿ ಒಂದು ಪೂರ್ಣ ರಾಜ್ಯದಷ್ಟೇ ಕನಿಷ್ಠ ಕೇಂದ್ರ ಅನುದಾನ ಸಿಗುತ್ತದೆ, ಅದೆಲ್ಲ ಪೊಲೀಸರ ಪಾಲಾಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಇಲ್ಲಿ ಹೇಳುತ್ತಿರುವುದು ‘ಬರ್ನ್ ಜೆಎಜಿ’ (ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್, ಅಂದರೆ ನ್ಯಾಯ ನೆರವು) ಅನುದಾನದ ಬಗ್ಗೆ. 1988ರಲ್ಲಿ ಸಾಕ್ಷಿಯೊಬ್ಬರ ಮನೆ ಕಾಯುತ್ತಿದ್ದಾಗ ಕೊಲೆಯಾದ ನ್ಯೂಯಾರ್ಕ್ ಪೊಲೀಸ್ ಎಡ್ವರ್ಡ್ ಬರ್ನ್ ಅವರ ಹೆಸರು ಅದಕ್ಕಿದೆ. ಪ್ರತಿ ರಾಜ್ಯಕ್ಕೂ ಹಂಚಿಕೆಯ ಮೊತ್ತದಲ್ಲಿ ಕನಿಷ್ಠ ಶೇ 0.25 ಖಾತ್ರಿ. ಆದರೆ ಕಾನೂನು ಉತ್ತರ ಮರಿಯಾನಾ ಮತ್ತು ಪೆಸಿಫಿಕ್‌ನಲ್ಲೇ ಅಮೆರಿಕದ ಅಧೀನದಲ್ಲಿರುವ ಇನ್ನೊಂದು ಪ್ರದೇಶವಾದ ಅಮೆರಿಕನ್ ಸಮೋವಾಗಳನ್ನು ಸೇರಿಸಿ ಒಂದೇ ರಾಜ್ಯವೆಂದು ಎಣಿಸುತ್ತದೆ. ಆ ಒಂದು ಪಾಲಿನಲ್ಲಿ ಶೇ 67 ಸಮೋವಾಕ್ಕೆ, ಉಳಿದ ಶೇ 33 ಮರಿಯಾನಾಕ್ಕೆ. ಹಂಚಿಕೆಯ ಮೊತ್ತ ಒಂದು ಕೋಟಿ ಡಾಲರ್ ಎಂದುಕೊಳ್ಳಿ: ರಾಜ್ಯದ ಕನಿಷ್ಠ ಪಾಲು 25,000 ಡಾಲರ್, ಮರಿಯಾನಾದ್ದು ಬರೀ 8,250. ಅಮೆರಿಕದ್ದೇ ಅಧೀನದಲ್ಲಿರುವ ನೆರೆಯ ಗುವಾಮ್ ದ್ವೀಪಕ್ಕೆ ಈ ಕಡಿತವಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಎಣಿಸಲಾಗುತ್ತದೆ.

ಇನ್ನು ಖರ್ಚಿನ ವಿಚಾರ. ಪೊಲೀಸರಷ್ಟೇ ಅಲ್ಲ, ನ್ಯಾಯಾಲಯ, ಜೈಲು, ಮಾದಕ ವ್ಯಸನ ಚಿಕಿತ್ಸೆ, ಸಂತ್ರಸ್ತರ ನೆರವು ಎಲ್ಲಕ್ಕೂ ಈ ಹಣ ಬಳಸಬಹುದು. ಆಡಳಿತ ವೆಚ್ಚಕ್ಕೆ ಶೇ 10ರ ಮಿತಿಯಿದೆ. ಇಷ್ಟು ಸಣ್ಣ ಪಾಲಿನಲ್ಲಿ ಇಷ್ಟೆಲ್ಲ ಸರಿದೂಗಿಸಬೇಕಾದ ದ್ವೀಪವಾಸಿಗಳನ್ನು ‘ಅನುದಾನದಲ್ಲಿ ತೇಲುವವರು’ ಎನ್ನುವುದು ಅನ್ಯಾಯ.