ಕರ್ಣನಿಗೊಂದು ಪೋರ್ಟಲ್

ಕರ್ಣ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಯಾಚಕನೊಬ್ಬ ಬಂದು ಅವನ ಕೈಯಲ್ಲಿದ್ದ ಚಿನ್ನದ ಬಟ್ಟಲನ್ನೇ ಕೇಳಿದನಂತೆ. ಬಟ್ಟಲು ಎಡಗೈಯಲ್ಲಿತ್ತು. ಕರ್ಣ ಎಡಗೈಯಿಂದಲೇ ಕೊಟ್ಟುಬಿಟ್ಟ. ಎಡಗೈಯಲ್ಲಿ ದಾನ ಕೊಡಬಾರದು ಎಂದು ಆಕ್ಷೇಪಿಸಿದವರಿಗೆ, ಬಲಗೈಗೆ ದಾಟಿಸುವಷ್ಟರಲ್ಲಿ ಮನಸ್ಸು ಬದಲಾದರೆ ಏನು ಗತಿ ಎಂದು ಕೇಳಿದನಂತೆ.

ಅಜ್ಜಿಯರು ಇದನ್ನು ಔದಾರ್ಯದ ಕಥೆಯೆಂದು ಹೇಳಿ ನಮ್ಮ ದಾರಿ ತಪ್ಪಿಸಿದ್ದಾರೆ. ದಾನವನ್ನು ಆಧುನಿಕಗೊಳಿಸಲು ಹೊರಟ ತಜ್ಞರ ಮುಂದೆ ಈ ಕಥೆ ಹೇಳಿನೋಡಿ, ತಲೆ ಚಚ್ಚಿಕೊಳ್ಳುತ್ತಾರೆ. ಅರ್ಜಿಯಿಲ್ಲ. ಯಾಚಕನ ಹಿಂದಿನ ಮೂರು ವರ್ಷಗಳ ಲೆಕ್ಕಪತ್ರವಿಲ್ಲ. ಬಟ್ಟಲು ಪಡೆದ ಮೇಲೆ ಅವನ ಬದುಕಿನಲ್ಲಾದ ಬದಲಾವಣೆಯನ್ನು ಅಳೆಯುವ ಸೂಚ್ಯಂಕವಿಲ್ಲ. ಕೊನೆಗೆ ಒಂದು ಫೋಟೊ ಕೂಡ ಇಲ್ಲ. ಆ ಬಟ್ಟಲು ನಿಜವಾಗಿ ಕೈ ಬದಲಾಯಿಸಿತು ಎಂಬುದಕ್ಕೆ ಏನು ಪುರಾವೆ?

ಕರ್ಣನ ಭಯಕ್ಕೂ ಈಗ ಪರಿಹಾರವಿದೆ. ಅಮೆರಿಕದಲ್ಲಿ ದಾನಿಗಳ ಸಲಹೆಯಂತೆ ನಡೆಯುವ ನಿಧಿ ಎಂಬ ಏರ್ಪಾಡೊಂದಿದೆ. ಬೇರು 1931ರಷ್ಟು ಹಳೆಯದು, ಚಿಗುರು ಮಾತ್ರ ಮೊಬೈಲಿನಲ್ಲಿ. ಹಣವನ್ನು ಈ ನಿಧಿಗೆ ಹಾಕಿದ ವರ್ಷವೇ ದಾನಿಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಅಲ್ಲಿಂದ ಆ ಹಣ ಬೇಡಿದವರ ಕೈ ಸೇರುವುದಕ್ಕೆ ಕಾನೂನಿನಲ್ಲಿ ಗಡುವಿಲ್ಲ. ಖಾಸಗಿ ಪ್ರತಿಷ್ಠಾನಗಳಾದರೂ ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇ 5ರಷ್ಟನ್ನು ಕೈಬಿಡಲೇಬೇಕು. ಇಲ್ಲಿ ಆ ಕಾಟವೂ ಇಲ್ಲ. ಅಂದರೆ ಬಟ್ಟಲು ಎಡಗೈಯನ್ನು ಬಿಟ್ಟಿದೆ, ಯಾಚಕನನ್ನು ಮುಟ್ಟಿಲ್ಲ, ಪುಣ್ಯ ಮಾತ್ರ ಜಮೆಯಾಗಿದೆ. ನಡುದಾರಿಯಲ್ಲಿ ನಿಂತ ಬಟ್ಟಲು ಷೇರುಪೇಟೆಯಲ್ಲಿ ದೊಡ್ಡದಾಗುತ್ತ ಹೋಗುವುದನ್ನು ಬೆರಳ ತುದಿಯಲ್ಲೇ ನೋಡಿ ಆನಂದಿಸಬಹುದು. ಈ ವಿದ್ಯೆ ಗೊತ್ತಿದ್ದರೆ ಇಂದ್ರ ಬಂದಾಗ ಕರ್ಣ ರಸೀದಿ ತೋರಿಸಿ ಕಳಿಸುತ್ತಿದ್ದ. ಕವಚ ಕುಂಡಲಗಳು ಇಂದಿಗೂ ಬಡ್ಡಿ ತರುತ್ತಿದ್ದವು.

ಒಬ್ಬರೇ ಕೊಟ್ಟರೆ ಅದು ದಾನ, ಹತ್ತು ಮಂದಿ ಸೇರಿ ಕೊಡುವ ಬಗ್ಗೆ ಚರ್ಚಿಸಿದರೆ ಅದು ಸಹಯೋಗ. ಈ ವಿಷಯದಲ್ಲಿ ಸರ್ಕಾರಗಳು ಸಿರಿವಂತರಿಗಿಂತ ಮುಂದಿದ್ದವು. 2005ರಲ್ಲಿ ನೆರವು ಕೊಡುವ ಮತ್ತು ಪಡೆಯುವ ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದವು. ಒಬ್ಬೊಬ್ಬರಾಗಿ ಬಂದು ಬಡ ದೇಶದ ಅಧಿಕಾರಿಗಳ ಪ್ರಾಣ ಹಿಂಡುವುದು ಬೇಡ, ಒಟ್ಟಾಗಿ ಬರೋಣ, ಕಾರ್ಯವಿಧಾನಗಳನ್ನು ಹೊಂದಿಸಿಕೊಳ್ಳೋಣ ಎಂಬುದು ಅದರ ಸಾರ. ಒಳ್ಳೆಯ ಮಾತೇ. 2010ರೊಳಗೆ ಮುಟ್ಟಬೇಕೆಂದು 13 ಗುರಿಗಳನ್ನು ಹಾಕಿಕೊಂಡರು. ಗಡುವು ಮುಗಿದ ಮೇಲೆ ಎಣಿಸಿದಾಗ ಜಗತ್ತಿನ ಮಟ್ಟದಲ್ಲಿ ಮುಟ್ಟಿದ್ದು ಒಂದೇ ಒಂದು ಗುರಿ: ತಾಂತ್ರಿಕ ಸಹಕಾರದ ಸಮನ್ವಯ. ಬಿಡಿಸಿ ಹೇಳುವುದಾದರೆ, ಸಲಹೆಗಾರರನ್ನು ಹೊಂದಾಣಿಕೆಯಿಂದ ಕಳುಹಿಸಿಕೊಡುವ ಕೆಲಸ. ಮದುವೆಗೆ ವರ ಬರಲಿಲ್ಲ, ವಾಲಗದವರು ಮಾತ್ರ ಸರಿಯಾದ ಸಮಯಕ್ಕೆ ಬಂದರು. ಇದನ್ನು ವಿಚಾರಿಸಲು 2011ರಲ್ಲಿ ಎಲ್ಲರೂ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಮತ್ತೆ ಕೂಡಿದರು. ಅಲ್ಲಿಂದ ಹುಟ್ಟಿದ ಹೊಸ ಕೂಟದ ಹೆಸರಿನಲ್ಲೇ ‘ಜಾಗತಿಕ ಸಹಭಾಗಿತ್ವ’ವಿದೆ.

ತಂತ್ರಜ್ಞಾನದ ಮಾತಿಗೆ ಬಂದರೆ ನನಗೆ ಅತ್ಯಂತ ಪ್ರಿಯವಾದದ್ದು ಪ್ಲೇಪಂಪ್. ಆಫ್ರಿಕದ ಹಳ್ಳಿಗಳಲ್ಲಿ ಮಕ್ಕಳು ಕೂತು ಸುತ್ತುವ ತಿರುಗುಗಾಲಿಗೆ ನೀರೆತ್ತುವ ಪಂಪನ್ನು ಜೋಡಿಸಲಾಯಿತು. ಮಕ್ಕಳು ನಲಿಯುತ್ತಾರೆ, ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ಮೈಮೇಲೆ ಜಾಹೀರಾತು, ಅದರ ಹಣದಲ್ಲಿ ರಿಪೇರಿ. ಇಂಥ ಚಿತ್ರ ನೋಡಿ ಕಣ್ಣೀರು ಬರದವನು ದಾನಿಯೇ ಅಲ್ಲ. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದೊಡ್ಡ ದಾನಿಗಳು ಕೈಜೋಡಿಸಿದರು. 2010ರೊಳಗೆ 4,000 ಪಂಪುಗಳನ್ನು ನೆಡುವ ಸಂಕಲ್ಪವಾಯಿತು. ಮಕ್ಕಳಿಗೆ ಬೇಸರವಾಗುತ್ತದೆ ಎಂಬುದೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. (ಸಮಿತಿಯಲ್ಲಿ ಮಕ್ಕಳಿದ್ದವರು ಯಾರೂ ಇರಲಿಲ್ಲವೇನೋ.) ಹುಡುಗರು ಎದ್ದು ಹೋದ ಮೇಲೆ ಹೆಂಗಸರು ಕೊಡ ಕೆಳಗಿಟ್ಟು ಆ ಗಾಲಿಯನ್ನು ನೂಕಬೇಕಾಯಿತು. ಹೇಳಿದಷ್ಟು ಜನಕ್ಕೆ ಹೇಳಿದಷ್ಟು ನೀರು ಒದಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಲೆಕ್ಕ ಹಾಕಿತು. ಆ ಮೂರು ಗಂಟೆಗಳಿಗಾಗಿ ಇನ್ನೊಂದು ದುಂಡುಮೇಜಿನ ಸಭೆ ಕರೆಯಬಹುದಿತ್ತು. ಕೆಲವೆಡೆ ಊರವರು ತಮ್ಮ ಹಳೆಯ ಕೈಪಂಪನ್ನೇ ವಾಪಸು ಕೊಡಿ ಎಂದರು. ಕೃತಜ್ಞತೆಯಿಲ್ಲದ ಜನ.

ಆಮೇಲೆ ತಂತ್ರಜ್ಞಾನ ಪಾಠ ಕಲಿಯಿತು. ಬಾವಿಯ ಗೊಡವೆ ಬಿಟ್ಟು ಬಾವಿಯ ವರದಿಯ ಕಡೆ ತಿರುಗಿತು. ಈಗ ದಾನಿಯ ಮುಂದೆ ಕೆಲಸದ ಸ್ಥಿತಿಗತಿ ತೋರಿಸುವ ಡ್ಯಾಶ್‌ಬೋರ್ಡ್ ಎಂಬ ಪರದೆ ಇದೆ, ಅದರಲ್ಲಿ ಹಸಿರು ಚುಕ್ಕೆಗಳಿವೆ. ಚುಕ್ಕೆ ಹಸಿರಾಗಿರಬೇಕಾದರೆ ಆ ತುದಿಯಲ್ಲಿ ಒಬ್ಬ ಮೇಷ್ಟರು ಪಾಠ ನಿಲ್ಲಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸ್ಥಳದ ಗುರುತು ಬೀಳುವ ಹಾಗೆ ಫೋಟೊ ತೆಗೆದು, ಸಿಗ್ನಲ್ ಸಿಗುವ ದಿಬ್ಬ ಹತ್ತಿ ಅದನ್ನು ಕಳುಹಿಸಬೇಕು. ಮಕ್ಕಳು ನಗುತ್ತಿರಬೇಕು, ಆದರೆ ನೆರವು ಇನ್ನು ಸಾಕು ಎನ್ನುವಷ್ಟು ನಗಬಾರದು. ಮೇಷ್ಟರಿಗೆ ಸಂಬಳ ಕೊಡುವಿರಾ ಎಂದು ಕೇಳಿದರೆ, ಅದು ಆಡಳಿತ ವೆಚ್ಚ, ಅದಕ್ಕೆ ಅನುದಾನವಿಲ್ಲ.

ಇಷ್ಟೆಲ್ಲ ಕಟ್ಟಿ ನಿಲ್ಲಿಸಿದ ವ್ಯವಸ್ಥೆಯನ್ನು ಕೆಡಿಸಲು 2020ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಅಮೆರಿಕದ ಸಿರಿವಂತ ಹೆಂಗಸು ಬಂದರು. ಒಂದೇ ವರ್ಷದಲ್ಲಿ ಸುಮಾರು 600 ಕೋಟಿ ಡಾಲರ್ ಹಂಚಿದರು. ಅರ್ಜಿ ಕೇಳಲಿಲ್ಲ, ಷರತ್ತು ಹಾಕಲಿಲ್ಲ, ನಿಮಗೆ ಸರಿ ತೋಚಿದಂತೆ ಖರ್ಚು ಮಾಡಿಕೊಳ್ಳಿ ಎಂದರು. ಅವರ ತಂಡ ಮೊದಲೇ ಗುಟ್ಟಾಗಿ ವಿಚಾರಿಸಿಕೊಂಡಿತ್ತು, ನಿಜ. ಆದರೆ ವಿಚಾರಣೆಯ ಶ್ರಮವನ್ನು ಕೊಡುವವರೇ ಹೊರುವುದೆಂದರೆ ಸಂಪ್ರದಾಯಕ್ಕೆ ಎಂಥ ಅಪಚಾರ! ನೂರಾರು ಪುಟಗಳ ಪ್ರಸ್ತಾವನೆ ಬರೆದು ನುರಿತ ಸಂಸ್ಥೆಗಳು ಕಂಗಾಲಾದವು. ದುಡ್ಡು ಕೊಡುತ್ತೇವೆ ಎಂದು ಬಂದ ಮಿಂಚಂಚೆಯನ್ನು ಕೆಲವರು ವಂಚಕರ ಕೈವಾಡವೆಂದು ಶಂಕಿಸಿದರು. ಕೆಲವರ ಪಾಲಿಗೆ ಅದು ನೇರವಾಗಿ ಕಸದ ಪತ್ರಗಳ ಪೆಟ್ಟಿಗೆಗೆ ಹೋಗಿ ಬಿದ್ದಿತ್ತು. ಏನೂ ಕೇಳದೆ ಕೊಡುವವನನ್ನು ಕಂಡರೆ ಯಂತ್ರಕ್ಕೂ ಅನುಮಾನ.

ಬಿಡುವಿದ್ದರೆ ನಿಮ್ಮ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿ. ಎಡಗೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ಯಾರಾದರೂ ಅಲ್ಲಿ ಕಾಯುತ್ತಿರಬಹುದು.